ಐಸ್ ಹಾಕಿ ಬೆಟ್ಟಿಂಗ್: ಮನಿಲೈನ್, ಪಕ್ ಲೈನ್, ಟೋಟಲ್ — ವ್ಯಾಲ್ಯೂ ಎಲ್ಲಿ ಸಿಗುತ್ತದೆ?

ಒಂದೇ ಪಂದ್ಯ, ಒಂದೇ ತಂಡ. ಆ ತಂಡ ಗೆದ್ದರೆ ಒಂದು ಡಾಲರ್‌ಗೆ 2.30 ಕೊಡುತ್ತೇನೆ ಅನ್ನುತ್ತದೆ ಒಂದು ಕಂಪನಿ. ಇನ್ನೊಂದು ಆ್ಯಪ್‌ನಲ್ಲಿ ಅದೇ ಬೆಟ್‌ಗೆ 2.40 ಇದೆ. ಹೆಚ್ಚಿನವರು ಈ ಹತ್ತು ಸೆಂಟ್‌ಗಾಗಿ ಎರಡನೇ ಆ್ಯಪ್ ತೆರೆಯುವ ಗೋಜಿಗೇ ಹೋಗುವುದಿಲ್ಲ. ಯಾರು ಗೆಲ್ಲುತ್ತಾರೆ ಅಂತ ವಾದ ಮಾಡುತ್ತಾ ಅರ್ಧ ಸಂಜೆ ಕಳೆಯುತ್ತಾರೆ. ನನ್ನ ಪ್ರಕಾರ ಲಾಭ ನಷ್ಟದ ಬಹುಪಾಲು ತೀರ್ಮಾನ ಆ ಹತ್ತು ಸೆಂಟ್‌ನಲ್ಲೇ ಆಗಿಹೋಗಿರುತ್ತದೆ. ಮೊದಲು ಆ ಲೆಕ್ಕ ನೋಡೋಣ. ಆಮೇಲೆ ಯಾವ ಬಗೆಯ ಬೆಟ್ ಯಾವಾಗ ಸರಿ ಅಂತ ಹೋಲಿಸೋಣ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಐಸ್ ಹಾಕಿಯ ಬಗ್ಗೆ. ಅಮೆರಿಕದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಾಜ್ಯಗಳು ಒಂದೊಂದಾಗಿ ಕ್ರೀಡಾ ಬೆಟ್ಟಿಂಗ್‌ಗೆ ಅವಕಾಶ ಕೊಡುತ್ತಾ ಬಂದವು. ಕೆನಡಾದಲ್ಲಿ ಒಂದೇ ಪಂದ್ಯದ ಮೇಲೆ ಬೆಟ್ ಮಾಡಲು 2021ರ ಆಗಸ್ಟ್‌ನಿಂದ ಕಾನೂನಿನ ಒಪ್ಪಿಗೆ ಇದೆ. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ 2022ರ ಏಪ್ರಿಲ್‌ನಿಂದ ಖಾಸಗಿ ಕಂಪನಿಗಳೂ ಇವೆ. ನೀವಿರುವ ಕಡೆ ಇದಕ್ಕೆ ಅನುಮತಿ ಇಲ್ಲದಿದ್ದರೆ ಮುಂದಿನದನ್ನು ಲೆಕ್ಕದ ಕುತೂಹಲಕ್ಕೆ ಮಾತ್ರ ಓದಿ.

ದರವನ್ನು ಶೇಕಡಾ ಮಾಡಿ ಓದಿ

ಅಮೆರಿಕದ ಆ್ಯಪ್‌ಗಳಲ್ಲಿ ದರ −150, +130 ಅಂತ ಕಾಣುತ್ತದೆ. −150 ಅಂದರೆ 100 ಡಾಲರ್ ಲಾಭಕ್ಕೆ 150 ಕಟ್ಟಬೇಕು. +130 ಅಂದರೆ 100 ಕಟ್ಟಿದರೆ 130 ಲಾಭ. ದಶಮಾಂಶದಲ್ಲಿ, ಅಂದರೆ ಕಟ್ಟಿದ 1 ಡಾಲರ್ ಕೂಡ ಸೇರಿಸಿ ಕೈಗೆ ಬರುವ ಮೊತ್ತವಾಗಿ, ಇವು 1.67 ಮತ್ತು 2.30. ಸೆಟ್ಟಿಂಗ್ಸ್‌ನಲ್ಲಿ ದಶಮಾಂಶಕ್ಕೆ ಬದಲಾಯಿಸಿಕೊಳ್ಳಿ, ಲೆಕ್ಕ ಸಲೀಸಾಗುತ್ತದೆ. 1 ಅನ್ನು ದರದಿಂದ ಭಾಗಿಸಿದರೆ ಆ ದರದ ಹಿಂದಿರುವ ಸಾಧ್ಯತೆ ಸಿಗುತ್ತದೆ. −150ಕ್ಕೆ 60%, +130ಕ್ಕೆ 43.5%. ಕೂಡಿಸಿ ನೋಡಿ: 103.5%. ನೂರನ್ನು ಮೀರಿದ ಆ 3.5 ಕಂಪನಿ ತನಗೆ ಇಟ್ಟುಕೊಂಡ ಪಾಲು.

ಆ ಪಾಲನ್ನು ತೆಗೆಯಲು ಎರಡನ್ನೂ 103.5ರಿಂದ ಭಾಗಿಸಿ. ಬಲವಾದ ತಂಡಕ್ಕೆ 58%, ದುರ್ಬಲ ತಂಡಕ್ಕೆ 42% ಬರುತ್ತದೆ. ಈಗ ಆ ಹತ್ತು ಸೆಂಟ್‌ಗೆ ಬನ್ನಿ. 42% ನಿಜವೇ ಆಗಿದ್ದರೆ, 2.30 ದರದಲ್ಲಿ ಕಟ್ಟಿದ ಪ್ರತಿ 100 ಡಾಲರ್‌ಗೆ ಸರಾಸರಿ ವಾಪಸ್ ಬರುವುದು 96.6. ಅದೇ 2.40 ದರದಲ್ಲಿ 100.8. ತಂಡ ಅದೇ, ಪಂದ್ಯ ಅದೇ. ಒಂದು ಕಡೆ ನಷ್ಟದ ಬೆಟ್, ಇನ್ನೊಂದು ಕಡೆ ಲಾಭದ ಬೆಟ್. ವ್ಯಾಲ್ಯೂ ಅಂದರೆ ಇದೇ: ನಿಜವಾದ ಸಾಧ್ಯತೆಗೆ ಸಿಗಬೇಕಾದ್ದಕ್ಕಿಂತ ಹೆಚ್ಚಿನ ದರ.

ಒಂದು ಎಚ್ಚರಿಕೆ: ಆ 42% ಒಂದು ಕಂಪನಿಯ ಅಂದಾಜು ಅಷ್ಟೇ. ನಾಲ್ಕೈದು ಕಂಪನಿಗಳ ದರದಿಂದ ಹೀಗೇ ಪಾಲು ತೆಗೆದು ಸರಾಸರಿ ಮಾಡಿದರೆ ಜಾಸ್ತಿ ನಂಬಬಹುದು. ಎಲ್ಲರೂ 2.28, 2.30 ಅನ್ನುವಾಗ ಒಬ್ಬ ಮಾತ್ರ 2.40 ಇಟ್ಟಿದ್ದರೆ ಎರಡೇ ಕಾರಣ. ಅವನು ಇನ್ನೂ ದರ ಬದಲಾಯಿಸಿಲ್ಲ, ಇಲ್ಲವೇ ಬೇರೆಯವರಿಗೆ ಗೊತ್ತಿಲ್ಲದ ಸುದ್ದಿ ಅವನಿಗೆ ಗೊತ್ತಾಗಿದೆ. ಮೊದಲನೆಯದೇ ಹೆಚ್ಚು ಸಲ. ಎರಡನೆಯದನ್ನು ಪತ್ತೆ ಹಚ್ಚಲು ಗೋಲ್‌ಕೀಪರ್ ಸುದ್ದಿ ನೋಡಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಬುಕ್‌ಮೇಕರ್ (ದರ ಇಡುವ ಕಂಪನಿ) ಬದಲು ಎಕ್ಸ್‌ಚೇಂಜ್‌ನಲ್ಲಿ ಬೆಟ್ ಮಾಡುವವರೂ ಇದ್ದಾರೆ. ಅಲ್ಲಿ ನಿಮ್ಮ ಎದುರಿಗೆ ಇರುವುದು ಕಂಪನಿಯಲ್ಲ, ನಿಮ್ಮಂತೆಯೇ ಬೆಟ್ ಮಾಡುವ ಇನ್ನೊಬ್ಬರು. ದರ ಚೆನ್ನಾಗಿ ಕಾಣುತ್ತದೆ. ಆದರೆ ಗೆದ್ದ ಹಣದ ಮೇಲೆ ಕಮಿಷನ್ ಇರುತ್ತದೆ. 2.44 ದರ, 5% ಕಮಿಷನ್ ಅಂದುಕೊಳ್ಳಿ. ಲಾಭದ 1.44ರಲ್ಲಿ ಕೈಗೆ ಬರುವುದು 1.37. ಅಂದರೆ ನಿಜವಾದ ದರ 2.37. ಬುಕ್‌ಮೇಕರ್‌ನ 2.40ಕ್ಕಿಂತ ಕಡಿಮೆಯೇ ಆಯಿತಲ್ವಾ? ಪರದೆಯ ಮೇಲಿನ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಕೈಗೆ ಸಿಗುವ ಹಣವನ್ನು ಹೋಲಿಸಿ.

ಮನಿಲೈನ್ ಬೇಕೋ, 60 ನಿಮಿಷದ ಬೆಟ್ ಬೇಕೋ?

ಹಾಕಿಯಲ್ಲಿ ಹೋಲಿಸಲು ಎಲ್ಲಕ್ಕಿಂತ ಯೋಗ್ಯವಾದ ಜೋಡಿ ಇದು. ಹೆಚ್ಚಿನವರು ಇದರ ಕಡೆ ನೋಡುವುದೇ ಇಲ್ಲ.

ಮನಿಲೈನ್ ಅಂದರೆ ಹೇಗೇ ಆಗಲಿ ಗೆದ್ದರೆ ಸಾಕು. ಓವರ್‌ಟೈಮ್ (ಹೆಚ್ಚುವರಿ ಆಟ), ಶೂಟ್‌ಔಟ್ (ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು) ಎಲ್ಲ ಸೇರಿ. 60 ನಿಮಿಷದ ಬೆಟ್‌ನಲ್ಲಿ ಮೂರು ಆಯ್ಕೆ: ಈ ತಂಡ, ಆ ತಂಡ, ಸಮ. ಇಪ್ಪತ್ತು ನಿಮಿಷದ ಮೂರು ಪೀರಿಯಡ್ ಮುಗಿದಾಗ ಏನಿದೆಯೋ ಅದೇ ಫಲಿತಾಂಶ. ಎನ್‌ಎಚ್‌ಎಲ್‌ನ ಲೀಗ್ ಹಂತದಲ್ಲಿ ನಾಲ್ಕೈದು ಪಂದ್ಯಗಳಲ್ಲಿ ಒಂದು 60 ನಿಮಿಷದಲ್ಲಿ ಮುಗಿಯುವುದಿಲ್ಲ. ಹಾಗಾಗಿ ಇದು ಚಿಕ್ಕ ವಿಷಯವಲ್ಲ.

ಓವರ್‌ಟೈಮ್‌ನಲ್ಲಿ ಏನಾಗುತ್ತದೆ? 2015-16ರ ಸೀಸನ್‌ನಿಂದ ಐದು ನಿಮಿಷ, ಗೋಲ್‌ಕೀಪರ್ ಬಿಟ್ಟು ಪ್ರತಿ ಕಡೆ ಮೂರೇ ಆಟಗಾರರು. ಅದರಲ್ಲೂ ಗೋಲು ಬರದಿದ್ದರೆ ಶೂಟ್‌ಔಟ್. ಇಡೀ ಪಂದ್ಯ ಮೈದಾನ ಆಳಿದ ತಂಡವೂ ಇಲ್ಲಿ ಒಂದು ತಪ್ಪು ಪಾಸ್‌ಗೆ ಸೋಲುತ್ತದೆ. ಬಲವಾದ ತಂಡದ ಮೇಲುಗೈ ಇಲ್ಲಿ ಬಹಳ ಮಟ್ಟಿಗೆ ಕರಗಿ ಹೋಗುತ್ತದೆ. ನಾಣ್ಯ ಚಿಮ್ಮಿದ ಹಾಗೆ ಅಂತ ಹಿಡಿದರೆ ಲೆಕ್ಕಕ್ಕೆ ದೊಡ್ಡ ತಪ್ಪಾಗುವುದಿಲ್ಲ.

ಈಗ ನಿಮ್ಮ ಅಂದಾಜು ಹೀಗಿದೆ ಅಂದುಕೊಳ್ಳಿ: ಬಲವಾದ ತಂಡ 60 ನಿಮಿಷದಲ್ಲೇ ಗೆಲ್ಲುವುದು 46%, ಸಮ 23%, ಸೋಲುವುದು 31%. ಮನಿಲೈನ್ ಸಾಧ್ಯತೆ ಬೇಕಾದರೆ 46ಕ್ಕೆ 23ರ ಅರ್ಧ ಸೇರಿಸಿ. 57.5% ಆಯಿತು. ಕಂಪನಿ ಮನಿಲೈನ್‌ಗೆ 1.67 ಕೊಡುತ್ತಿದ್ದರೆ 100ಕ್ಕೆ 96 ವಾಪಸ್. 60 ನಿಮಿಷಕ್ಕೆ 2.20 ಕೊಡುತ್ತಿದ್ದರೆ 101.2 ವಾಪಸ್. ಹಾಗಾದರೆ 60 ನಿಮಿಷವೇ ಸರಿ. ಆದರೆ ಅದೇ ಬೆಟ್‌ಗೆ 2.10 ಮಾತ್ರ ಇದ್ದರೆ 96.6. ಆಗ ಎರಡೂ ಬೇಡ.

ಸಾಮಾನ್ಯವಾಗಿ ನಾನು ಹೀಗೆ ನೋಡುತ್ತೇನೆ. ಬಲವಾದ ತಂಡದ ಕಡೆ ಹೋಗುವುದಾದರೆ ಮೊದಲು 60 ನಿಮಿಷದ ದರ ನೋಡಿ. ಓವರ್‌ಟೈಮ್‌ನ ಅದೃಷ್ಟದಾಟಕ್ಕೆ ನೀವು ದುಡ್ಡು ಕೊಡುವುದು ತಪ್ಪುತ್ತದೆ. ದುರ್ಬಲ ತಂಡದ ಕಡೆ ಹೋಗುವುದಾದರೆ ಮನಿಲೈನ್ ನೋಡಿ. ಆ ಐದು ನಿಮಿಷ ನಿಮಗೆ ಸಹಾಯಕ್ಕೇ ಬರುತ್ತದೆ. ಆದರೆ ಇದನ್ನೇ ಕಣ್ಣುಮುಚ್ಚಿ ಪಾಲಿಸಬೇಡಿ. ಮೂರು ಆಯ್ಕೆಯ ಬೆಟ್‌ನಲ್ಲಿ ಕಂಪನಿಯ ಪಾಲು ಹೆಚ್ಚಾಗಿ ಜಾಸ್ತಿಯೇ ಇರುತ್ತದೆ. ಮೂರೂ ದರ ಶೇಕಡಾ ಮಾಡಿ ಕೂಡಿಸಿ ನೋಡಿ. 105ರ ಮೇಲಿದ್ದರೆ ಓವರ್‌ಟೈಮ್ ತಪ್ಪಿಸಿ ಉಳಿಸಿದ್ದು ಅಲ್ಲೇ ಹೋಗಿರುತ್ತದೆ.

ಪ್ಲೇಆಫ್ ಶುರುವಾದ ಮೇಲೆ ಈ ಮಾತು ಬದಲಾಗುತ್ತದೆ. ಅಲ್ಲಿ ಶೂಟ್‌ಔಟ್ ಇಲ್ಲ. ಐದಕ್ಕೆ ಐದು ಆಟಗಾರರು, ಇಪ್ಪತ್ತು ನಿಮಿಷದ ಪೂರ್ತಿ ಪೀರಿಯಡ್, ಗೋಲು ಬೀಳುವವರೆಗೆ ಆಟ. ಬಲವಾದ ತಂಡದ ಮೇಲುಗೈ ಉಳಿಯುತ್ತದೆ. ಹಾಗಾಗಿ ಸಮದ ಅರ್ಧ ಸೇರಿಸುವ ಬದಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಬೇಕು.

ಪಕ್ ಲೈನ್

ಪಕ್ ಲೈನ್ ಅಂದರೆ ಗೋಲಿನ ಅಂತರದ ಮೇಲಿನ ಬೆಟ್, ಸಾಮಾನ್ಯವಾಗಿ 1.5 ಗೋಲು. −1.5 ಅಂದರೆ ಕನಿಷ್ಠ ಎರಡು ಗೋಲಿನಿಂದ ಗೆಲ್ಲಬೇಕು. +1.5 ಅಂದರೆ ಗೆದ್ದರೂ ಸರಿ, ಒಂದು ಗೋಲಿನಿಂದ ಸೋತರೂ ಸರಿ. ಓವರ್‌ಟೈಮ್‌ಗೆ ಹೋದ ಪಂದ್ಯ ಯಾವಾಗಲೂ ಒಂದೇ ಗೋಲಿನ ಅಂತರದಲ್ಲಿ ಮುಗಿಯುತ್ತದೆ. ಶೂಟ್‌ಔಟ್‌ನಲ್ಲಿ ಗೆದ್ದರೂ ಲೆಕ್ಕಕ್ಕೆ ಒಂದೇ ಗೋಲು. ಅಂದರೆ 60 ನಿಮಿಷ ಸಮವಾದರೆ +1.5 ಅಲ್ಲಿಗೇ ಗೆದ್ದ ಹಾಗೆ.

ಇಲ್ಲಿ ತಂತ್ರ ಇರುವುದು ಕೊನೆಯ ಮೂರು ನಿಮಿಷದಲ್ಲಿ. ಒಂದು ಗೋಲು ಹಿಂದಿರುವ ತಂಡ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸುತ್ತದೆ. ಆಗ ಸಮ ಆಗಬಹುದು, ಇಲ್ಲವೇ ಖಾಲಿ ಗೋಲಿಗೆ ಎದುರಾಳಿ ಇನ್ನೊಂದು ಹೊಡೆಯಬಹುದು. ಹಿಂದೆ ಇದನ್ನು ಕೊನೆಯ ಒಂದು ನಿಮಿಷದ ಸುಮಾರಿಗೆ ಮಾಡುತ್ತಿದ್ದರು. 2013-14ರಲ್ಲಿ ಕೊಲೊರಾಡೊ ಕೋಚ್ ಆಗಿದ್ದ ಪ್ಯಾಟ್ರಿಕ್ ರಾಯ್ ತುಂಬಾ ಮುಂಚೆಯೇ ಕೀಪರ್‌ನನ್ನು ಕರೆಸಿ ಸುದ್ದಿಯಾದರು. ಈಗ ಎಲ್ಲರೂ ಮುಂಚೆಯೇ ಕರೆಸುತ್ತಾರೆ. ಹಾಗಾಗಿ 3-2 ಆಗಬೇಕಾದ ಎಷ್ಟೋ ಪಂದ್ಯ 4-2 ಆಗಿ ಮುಗಿಯುತ್ತವೆ. −1.5 ಬೆಟ್‌ಗಳಲ್ಲಿ ಒಳ್ಳೆಯ ಪಾಲು ಗೆಲ್ಲುವುದು ಈ ಖಾಲಿ ಗೋಲಿನಿಂದಲೇ. ತಂಡದ ಅಬ್ಬರಕ್ಕಿಂತ ಎದುರಾಳಿ ಕೋಚ್ ಯಾವಾಗ ಕೀಪರ್‌ನನ್ನು ಕರೆಸುತ್ತಾರೆ ಅನ್ನುವುದನ್ನು ಗಮನಿಸಿ.

ಮನಿಲೈನ್ 1.40 ಇದೆ, ತೀರಾ ಕಡಿಮೆ, ಹಾಗಾಗಿ −1.5 ತಗೊಳ್ಳೋಣ ಅನ್ನುವುದು ಬಹಳ ಜನರ ವಾದ. ದರ ದೊಡ್ಡದಾಗಿ ಕಂಡರೆ ವ್ಯಾಲ್ಯೂ ಬರುವುದಿಲ್ಲ, ಬೆಟ್ ಗೆಲ್ಲುವುದು ಕಷ್ಟವಾಗಿದೆ ಅಷ್ಟೇ. +1.5 ಕಡೆಯೂ ಇದೇ ಕಥೆ. 1.35 ದರ ಸುರಕ್ಷಿತ ಅನ್ನಿಸುತ್ತದೆ. ಆದರೆ ಅಸಲು ಉಳಿಯಬೇಕಾದರೂ 74% ಸಲ ಗೆಲ್ಲಬೇಕು.

ಟೋಟಲ್: 5.5, 6, 6.5

ಎರಡೂ ತಂಡ ಸೇರಿ ಎಷ್ಟು ಗೋಲು ಅನ್ನುವುದು ಟೋಟಲ್. ಈಚಿನ ಸೀಸನ್‌ಗಳಲ್ಲಿ ಸರಾಸರಿ ಆರರ ಆಸುಪಾಸಿನಲ್ಲಿದೆ, ಹಾಗಾಗಿ ಕಂಪನಿಗಳು ಇಡುವ ಗಡಿ ಅಂಕಿಯೂ (ಸಾಲು) ಅಲ್ಲೇ ಸುತ್ತುತ್ತದೆ. ಓವರ್ ಅಂದರೆ ಅದಕ್ಕಿಂತ ಹೆಚ್ಚು ಗೋಲು, ಅಂಡರ್ ಅಂದರೆ ಕಡಿಮೆ. ಇಲ್ಲಿ ನನಗೆ ಇಷ್ಟವಾದ ಒಂದು ಸಣ್ಣ ಲೆಕ್ಕ ಇದೆ. ಪಂದ್ಯ ಸಮವಾಗಿ ನಿಂತರೆ ಒಟ್ಟು ಗೋಲು ಯಾವಾಗಲೂ ಸಮ ಸಂಖ್ಯೆ: 2-2, 3-3. ಆಮೇಲೆ ಗೆಲುವಿನ ಒಂದು ಗೋಲು ಸೇರಿ ಬೆಸ ಆಗುತ್ತದೆ. ಅಂದರೆ 3-3 ಆದ ಪಂದ್ಯ ಆರು ಗೋಲಿಗೆ ಮುಗಿಯಲು ಸಾಧ್ಯವೇ ಇಲ್ಲ, ಏಳೇ ಆಗಬೇಕು. ಓವರ್ 6.5 ಹಾಕಿದವರು 3-3ಕ್ಕೆ ಮೂರನೇ ಪೀರಿಯಡ್ ಮುಗಿದರೆ ಆರಾಮಾಗಿ ಕೂರಬಹುದು. ಸರಿಯಾಗಿ 6 ಅಂತ ಸಾಲು ಇದ್ದು ಆರೇ ಗೋಲಾದರೆ ಕಟ್ಟಿದ ಹಣ ವಾಪಸ್, ಅದು ಆಗುವುದು 4-2, 5-1, 6-0ರಲ್ಲಿ ಮಾತ್ರ. 2-2 ಆದ ಪಂದ್ಯ ಐದಕ್ಕೆ ನಿಲ್ಲುತ್ತದೆ, ಅಂಡರ್ 5.5 ಹಾಕಿದವರಿಗೆ ಅದು ಖುಷಿಯ ಸುದ್ದಿ. ಕೆಲವು ಕಡೆ ಟೋಟಲ್ ಕೂಡ 60 ನಿಮಿಷಕ್ಕೆ ಮಾತ್ರ ಇರುತ್ತದೆ, ಆಗ ಈ ಲೆಕ್ಕ ಬೀಳುತ್ತದೆ. ನಿಯಮ ಓದಿ.

ಅರ್ಧ ಗೋಲಿನ ಬೆಲೆ ಹಾಕಿಯಲ್ಲಿ ದೊಡ್ಡದು. ಒಂದು ಕಂಪನಿಯಲ್ಲಿ ಓವರ್ 6, ಇನ್ನೊಂದರಲ್ಲಿ ಅದೇ ದರಕ್ಕೆ ಓವರ್ 6.5 ಇದ್ದರೆ ಯೋಚಿಸಲು ಏನೂ ಇಲ್ಲ, ಮೊದಲನೆಯದು.

ಗೋಲ್‌ಕೀಪರ್ ಯಾರು?

ಯಾವ ಬೆಟ್ ಆಯ್ದುಕೊಂಡರೂ ಈ ಪ್ರಶ್ನೆ ತಪ್ಪುವುದಿಲ್ಲ. ಹೆಚ್ಚುಕಡಿಮೆ ಪಂದ್ಯದ ಪೂರ್ತಿ ಐಸ್ ಮೇಲೆ ಇರುವವನು ಅವನೊಬ್ಬನೇ. ಲೀಗ್‌ನ ಸರಾಸರಿ ಕೀಪರ್ ಈಗ ನೂರು ಶಾಟ್‌ಗಳಲ್ಲಿ ಸುಮಾರು 90 ತಡೆಯುತ್ತಾನೆ. ಒಬ್ಬ 91 ತಡೆಯುತ್ತಾನೆ, ಇನ್ನೊಬ್ಬ 89 ಅಂತ ಇಟ್ಟುಕೊಳ್ಳಿ. ಪಂದ್ಯಕ್ಕೆ 30 ಶಾಟ್ ಬಂದರೆ ವ್ಯತ್ಯಾಸ 0.6 ಗೋಲು. ಸರಾಸರಿ ಆರು ಗೋಲಿನ ಆಟದಲ್ಲಿ ಇದು ಮನಿಲೈನ್‌ನನ್ನೂ ಟೋಟಲ್‌ಅನ್ನೂ ಅಲುಗಾಡಿಸುವಷ್ಟು ದೊಡ್ಡದು.

ಎರಡು ದಿನ ಸಾಲಾಗಿ ಪಂದ್ಯ ಇದ್ದರೆ ಹೆಚ್ಚಿನ ತಂಡಗಳು ಒಂದಕ್ಕೆ ಎರಡನೇ ಕೀಪರ್‌ನನ್ನು ಇಳಿಸುತ್ತವೆ. ಯಾರು ಯಾವತ್ತು ಅನ್ನುವುದು ಬಹಳ ಸಲ ಪಂದ್ಯದ ದಿನ ಬೆಳಗಿನ ಅಭ್ಯಾಸದಲ್ಲಿ ಗೊತ್ತಾಗುತ್ತದೆ. ಅಭ್ಯಾಸ ಮುಗಿಸಿ ಮೊದಲು ಐಸ್ ಬಿಟ್ಟು ಹೋಗುವ ಕೀಪರ್ರೇ ಆ ರಾತ್ರಿ ಆಡುವವನು ಅನ್ನುವುದು ಹಳೆಯ ಗುರುತು, ಇವತ್ತಿಗೂ ವರದಿಗಾರರು ಅದನ್ನೇ ಕಾಯುತ್ತಾರೆ. ಡೈಲಿ ಫೇಸ್‌ಆಫ್‌ನಂಥ ತಾಣಗಳು ಖಚಿತ, ಬಹುತೇಕ ಖಚಿತ ಅಂತ ಬೇರೆ ಬೇರೆಯಾಗಿ ತೋರಿಸುತ್ತವೆ.

ವ್ಯಾಲ್ಯೂ ಇರುವುದು ಸುದ್ದಿ ಬಂದ ಮತ್ತು ದರ ಬದಲಾದ ನಡುವಿನ ಕೆಲವೇ ನಿಮಿಷದಲ್ಲಿ. ಸುದ್ದಿ ಬಂದು ಅರ್ಧ ಗಂಟೆಯಾದ ಮೇಲೆ ‘ಎರಡನೇ ಕೀಪರ್ ಆಡುತ್ತಿದ್ದಾನೆ, ಎದುರಾಳಿಗೆ ಹಾಕೋಣ’ ಅನ್ನುವುದರಲ್ಲಿ ಅರ್ಥವಿಲ್ಲ. ದರದಲ್ಲಿ ಅದು ಆಗಲೇ ಸೇರಿಹೋಗಿದೆ. ಪ್ರಯಾಣದ ಸುಸ್ತು, ಸಾಲು ಪಂದ್ಯ ಇವುಗಳ ಬಗ್ಗೆಯೂ ಇದೇ ಮಾತು. ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಎಲ್ಲರ ಕೈಯಲ್ಲಿರುತ್ತದೆ, ಅದರಿಂದ ನಿಮಗೆ ಮಾತ್ರ ಸಿಗುವ ಲಾಭ ಏನೂ ಇಲ್ಲ.

ಅಂಕಿಗಳಲ್ಲಿ ಯಾವುದನ್ನು ನಂಬಬೇಕು?

ಕೊನೆಯ ಹತ್ತು ಪಂದ್ಯದ ಗೆಲುವು ಸೋಲು ಹೆಚ್ಚು ಹೇಳುವುದಿಲ್ಲ. ಶಾಟ್ ಎಲ್ಲಿಂದ, ಹೇಗೆ ಬಂತು ಅಂತ ತೂಗಿ ಲೆಕ್ಕ ಹಾಕುವ ಎಕ್ಸ್‌ಪೆಕ್ಟೆಡ್ ಗೋಲ್ಸ್ ಇನ್ನೂ ಉತ್ತಮ. ನ್ಯಾಚುರಲ್ ಸ್ಟಾಟ್ ಟ್ರಿಕ್, ಮನಿಪಕ್ ತಾಣಗಳಲ್ಲಿ ಇದು ನೋಡಲು ಸಿಗುತ್ತದೆ. ಅದರ ಜೊತೆಗೆ ಪಿಡಿಒ ನೋಡಿ. ತಂಡದ ಶಾಟ್‌ಗಳಲ್ಲಿ ಗೋಲಾದ ಶೇಕಡಾ ಮತ್ತು ಅದರ ಕೀಪರ್ ತಡೆದ ಶೇಕಡಾ, ಎರಡನ್ನೂ ಕೂಡಿಸಿದ ಅಂಕಿ ಅದು. ಇಡೀ ಲೀಗ್‌ಗೆ ಇದು 100 ಆಗಲೇಬೇಕು. ಒಂದು ತಂಡ ನವೆಂಬರ್‌ನಲ್ಲಿ 104ರಲ್ಲಿ ಇದ್ದರೆ ಬಹುಪಾಲು ಅದೃಷ್ಟ, ಕೆಳಗಿಳಿಯುತ್ತದೆ. 96ರಲ್ಲಿ ಇದ್ದು, ಎಕ್ಸ್‌ಪೆಕ್ಟೆಡ್ ಗೋಲ್ಸ್ ಚೆನ್ನಾಗಿದ್ದರೆ ಆ ತಂಡದ ದರ ನೋಡುವುದಕ್ಕೆ ಯೋಗ್ಯ.

ಬರೀ ಶಾಟ್ ಎಣಿಕೆಯಲ್ಲಿ ಒಂದು ಮೋಸ ಇದೆ. ಮುಂದಿರುವ ತಂಡ ಹಿಂದೆ ಸರಿದು ಕಾಯುತ್ತದೆ, ಹಿಂದಿರುವ ತಂಡ ಸುಮ್ನೆ ದೂರದಿಂದ ಹೊಡೆಯುತ್ತಲೇ ಇರುತ್ತದೆ. 35-22 ಶಾಟ್ ಇದ್ದೂ ಸೋತ ತಂಡ ದುರದೃಷ್ಟದ್ದು ಅಂತ ಹೇಳಲಾಗುವುದಿಲ್ಲ. ಸ್ಕೋರ್‌ಗೆ ಹೊಂದಿಸಿದ ಅಂಕಿ ನೋಡಿ.

ಆಟಗಾರರ ಬೆಟ್

ಒಬ್ಬ ಆಟಗಾರ ಎಷ್ಟು ಶಾಟ್ ಹೊಡೆಯುತ್ತಾನೆ, ಪಾಯಿಂಟ್ (ಗೋಲು ಅಥವಾ ಗೋಲಿಗೆ ನೆರವು) ಗಳಿಸುತ್ತಾನಾ ಇಂಥವು. ಇಲ್ಲಿ ಕಂಪನಿಯ ಪಾಲು ಜಾಸ್ತಿ, ಕಟ್ಟಲು ಬಿಡುವ ಮೊತ್ತ ಕಡಿಮೆ. ಆದರೂ ಶ್ರಮ ಹಾಕುವವರಿಗೆ ತಪ್ಪು ದರ ಸಿಗುವ ಅವಕಾಶ ಇಲ್ಲೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ. ಒಬ್ಬನಿಗೆ ಗಾಯವಾಗಿ ಇನ್ನೊಬ್ಬ ಮೊದಲ ಪವರ್‌ಪ್ಲೇ ಘಟಕಕ್ಕೆ (ಎದುರಾಳಿ ಆಟಗಾರ ಶಿಕ್ಷೆಯಾಗಿ ಹೊರಗಿರುವಾಗ ಆಡುವವರು) ಬಂದಾಗ ತಂಡದ ದರ ತಕ್ಷಣ ಬದಲಾಗುತ್ತದೆ, ಅವನ ಶಾಟ್ ದರ ನಿಧಾನವಾಗಿ ಬದಲಾಗುತ್ತದೆ. ನೆನಪಿಡಬೇಕಾದ್ದು: ಕೀಪರ್ ಅಲ್ಲದೆ ಬೇರೆ ಆಟಗಾರ ಅಡ್ಡ ಬಂದು ತಡೆದ ಶಾಟ್, ಪಕ್ಕಕ್ಕೆ ಹೋದದ್ದು, ಕಂಬಕ್ಕೆ ಬಡಿದದ್ದು ಯಾವುದೂ ಎಣಿಕೆಗೆ ಬರುವುದಿಲ್ಲ. ‘ಹಿಟ್’ (ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದು) ಬೆಟ್‌ಗಳನ್ನು ನಾನು ಮುಟ್ಟುವುದಿಲ್ಲ. ಅದನ್ನು ಆಯಾ ರಿಂಕ್‌ನ ಸಿಬ್ಬಂದಿ ಎಣಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಕಣ್ಣು.

ಪಾರ್ಲೆ ಮತ್ತು ಕಪ್ ಗೆಲ್ಲುವವರ ಬೆಟ್

ಪಾರ್ಲೆ, ಅಂದರೆ ಜೋಡಿಸಿದ ಎಲ್ಲ ಬೆಟ್ ಗೆದ್ದರೆ ಮಾತ್ರ ಹಣ ಸಿಗುವ ಬೆಟ್, ಇದರ ಬಗ್ಗೆ ಉದ್ದ ಮಾತು ಬೇಡ. ಸಮಸಮ ಸಾಧ್ಯತೆಯ ಬೆಟ್‌ಗೆ 1.91 ದರ ಅಂದರೆ 100ಕ್ಕೆ 95.5 ವಾಪಸ್. ಎರಡು ಜೋಡಿಸಿದರೆ 91.2. ಮೂರು ಜೋಡಿಸಿದರೆ 87. ನಾಲ್ಕಾದರೆ 83. ಆ್ಯಪ್‌ಗಳು ಪಾರ್ಲೆಯನ್ನೇ ಯಾಕೆ ದೊಡ್ಡ ಅಕ್ಷರದಲ್ಲಿ ತೋರಿಸುತ್ತವೆ ಅಂತ ಗೊತ್ತಾಯಿತಲ್ವಾ?

ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಕಪ್) ಯಾರಿಗೆ ಅನ್ನುವ ಬೆಟ್‌ನಲ್ಲಿ 32 ತಂಡಗಳ ದರವನ್ನೂ ಶೇಕಡಾ ಮಾಡಿ ಕೂಡಿಸಿ ನೋಡಿ, ನೂರಕ್ಕಿಂತ ಎಷ್ಟು ಮೇಲೆ ಹೋಗುತ್ತದೆ ಅಂತ. ಅಕ್ಟೋಬರ್‌ನಲ್ಲಿ ಕಟ್ಟಿದ ಹಣ ಜೂನ್‌ವರೆಗೆ ಅಲ್ಲೇ ಇರುತ್ತದೆ. ಮೇಲಾಗಿ ಹಾಕಿ ಪ್ಲೇಆಫ್ ಯಾರ ಮಾತನ್ನೂ ಕೇಳುವುದಿಲ್ಲ. 2018-19ರಲ್ಲಿ ಟ್ಯಾಂಪಾ ಬೇ 62 ಪಂದ್ಯ ಗೆದ್ದು ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. 2022-23ರಲ್ಲಿ ಬಾಸ್ಟನ್ 65 ಗೆದ್ದು ದಾಖಲೆ ಮಾಡಿತು, ಮೊದಲ ಸುತ್ತಿನಲ್ಲಿ 3-1 ಮುಂದಿದ್ದೂ ಫ್ಲೋರಿಡಾಗೆ ಸೋತಿತು. ಇನ್ನೊಂದು ಕಡೆ, 2019ರ ಜನವರಿ ಮೊದಲ ವಾರ ಲೀಗ್‌ನಲ್ಲೇ ಕೊನೆಯಲ್ಲಿದ್ದ ಸೇಂಟ್ ಲೂಯಿಸ್ ಅದೇ ಜೂನ್‌ನಲ್ಲಿ ಕಪ್ ಎತ್ತಿತು. ಈ ಬೆಟ್ ಹಾಕಲೇಬೇಕು ಅನ್ನಿಸಿದರೆ ಫೇವರಿಟ್ ಬಿಡಿ. ಅಂಕಿ ಚೆನ್ನಾಗಿದ್ದೂ ಅದೃಷ್ಟ ಕೈಕೊಟ್ಟ ತಂಡವನ್ನು ಡಿಸೆಂಬರ್, ಜನವರಿಯಲ್ಲಿ ಹುಡುಕಿ.

ಎಷ್ಟು ಕಟ್ಟಬೇಕು, ಏನು ಬರೆದಿಡಬೇಕು

1956ರಲ್ಲಿ ಬೆಲ್ ಲ್ಯಾಬ್ಸ್‌ನ ಜೆ. ಎಲ್. ಕೆಲಿ ಕೊಟ್ಟ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಲಾಭದ ಅಂದಾಜನ್ನು, ದರದಿಂದ 1 ಕಳೆದ ಅಂಕಿಯಿಂದ ಭಾಗಿಸಿ. ಮೇಲಿನ 2.40 ಬೆಟ್‌ನಲ್ಲಿ ಲಾಭ 0.8%, ಅದನ್ನು 1.40ರಿಂದ ಭಾಗಿಸಿದರೆ ಸುಮಾರು 0.6%. ಬೆಟ್ಟಿಂಗ್‌ಗೆ ಅಂತ ಎತ್ತಿಟ್ಟ ಹಣ 1000 ಡಾಲರ್ ಇದ್ದರೆ, ಕಟ್ಟಬೇಕಾದ್ದು 6 ಡಾಲರ್. ಹೌದು, ಆರೇ. ನಿಜವಾದ ವ್ಯಾಲ್ಯೂ ಬೆಟ್ ಇಷ್ಟು ಸಪ್ಪೆಯಾಗಿರುತ್ತದೆ. ಅಂದಾಜು ತಪ್ಪಿರಬಹುದು ಅಂತ ಹೆಚ್ಚಿನವರು ಅದರಲ್ಲೂ ಅರ್ಧ ಮಾತ್ರ ಕಟ್ಟುತ್ತಾರೆ. ಆ ಎತ್ತಿಟ್ಟ ಹಣ ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಆಗಬಾರದು. ಆ್ಯಪ್‌ನಲ್ಲಿ ಠೇವಣಿ ಮಿತಿ ಇಡುವ ಸೌಲಭ್ಯ ಇದ್ದರೆ ಮೊದಲ ದಿನವೇ ಇಟ್ಟುಬಿಡಿ. ಸೋತದ್ದನ್ನು ಅದೇ ರಾತ್ರಿ ವಾಪಸ್ ಪಡೆಯಬೇಕು ಅಂತ ಕೈ ತುರಿಸುತ್ತಿದ್ದರೆ ಈ ಯಾವ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ, ಸಹಾಯವಾಣಿಗೆ ಕರೆ ಮಾಡುವುದೇ ಸರಿ.

ಗೆಲುವು ಸೋಲಿನ ಪಟ್ಟಿ ನೋಡಿ ನಿಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ಬೇಗ ತಿಳಿಯುವುದಿಲ್ಲ. −110 ದರದಲ್ಲಿ ಅಸಲಿಗೆ ಬೇಕಾದ್ದು 52.4% ಗೆಲುವು. ನಿಜಕ್ಕೂ 54% ಗೆಲ್ಲುವ ಜಾಣನೂ ನೂರು ಬೆಟ್ ಆದ ಮೇಲೆ ನಷ್ಟದಲ್ಲಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಹಾಗಾಗಿ ಬೇರೆ ಅಳತೆ ಬೇಕು: ಪಕ್ ಬೀಳುವ, ಅಂದರೆ ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ದರ. ನೀವು 2.40ಕ್ಕೆ ಹಾಕಿದ್ದು ಕೊನೆಗೆ 2.25 ಆಗಿದ್ದರೆ, ಆ ತಂಡ ಸೋತರೂ ಬೆಟ್ ಒಳ್ಳೆಯದೇ. 2.55 ಆಗಿದ್ದರೆ, ಗೆದ್ದರೂ ದುಬಾರಿಗೆ ಕೊಂಡಿದ್ದೀರಿ. ದಿನಾಂಕ, ಬೆಟ್‌ನ ಬಗೆ, ಸಿಕ್ಕ ದರ, ಬೇರೆ ಕಂಪನಿಗಳಲ್ಲಿದ್ದ ಅತ್ಯುತ್ತಮ ದರ, ಆಗ ಗೊತ್ತಿದ್ದ ಕೀಪರ್ ಹೆಸರು, ಕೊನೆಯ ದರ. ಪುಸ್ತಕದಲ್ಲಿ ಈ ಆರು ಕಾಲಂ ಇದ್ದರೆ ಸಾಕು. ಮನಿಲೈನ್, 60 ನಿಮಿಷ, ಟೋಟಲ್‌ಗಳನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ, ಒಂದರಲ್ಲಿ ನೀವು ಕೊನೆಯ ದರವನ್ನು ಸೋಲಿಸುತ್ತಿರುತ್ತೀರಿ, ಇನ್ನೊಂದರಲ್ಲಿ ಇಲ್ಲ. ಇಲ್ಲದ ಕಡೆ ಬೆಟ್ ನಿಲ್ಲಿಸಿ.